ಹಾಲು ಬಿಡಿಸಿದ ಬೇಸಿಗೆ

ಸುಂಕಮ್ಮನಿಗೆ ಉಡಿಕೆ ಗೊತ್ತುಮಾಡಿದ್ದಾರೆ ಎಂಬ ಮಾತು ಆ ಮನೆಯಲ್ಲಿ ಹೊರಬಿದ್ದದ್ದು ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಹೇಳಲು ಬಂದವನು ಅವಳ ಅಣ್ಣ. ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತು ಅಂಬಲಿ ಕುಡಿದ, ಎಲೆ ಹಾಕಿದ, ಯುದ್ಧದ ಮಾತಾಡಿದ, ಸೀಮೆಎಣ್ಣೆ ಸಿಗುತ್ತಿಲ್ಲವೆಂದ, ಕೋಸಗಿ ಸ್ಟೇಷನ್ನಿನಲ್ಲಿ ಸಿಪಾಯಿಗಳ ರೈಲು ನೋಡಿದ್ದನ್ನು ಹೇಳಿದ್ದೇ ಹೇಳಿದ. ಕೊನೆಗೆ ಸುಂಕಮ್ಮನ ಅತ್ತೆ ಭೀಮಕ್ಕನಿಗೇ ಸಾಕಾಯಿತು.

"ಬಾಯಾಗ ಏನೋ ಇಟ್ಕೊಂಡು ಬಂದೀಯಪಾ. ಉಗುಳಿಬಿಡು."

"ಏಮೀ ಲೇದತ್ತಾ," ಏನೂ ಇಲ್ಲವೆಂದು ಅವನು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದ. "ನಮ್ಮ ಸುಂಕಿಗೆ ಮಾರುಮನುವು, ಉಡಿಕಿ ಮಾಡಬೇಕಂತ ಅದೀವಿ. ನಾಗಲದಿನ್ನ್ಯಾಗ ಅಂಜಿನಪ್ಪ ಅಂತ ಒಬ್ಬಾತ ಅದಾನ. ಹೆಂಡ್ತಿ ಸತ್ತಾಳ. ಹೊಳಿ ದಂಡಿಗೆ ಬದನಿ, ಸೌತಿ ಹಾಕ್ತಾನ. ಕುಡಿಯಾದಿಲ್ಲ, ಬಡಿಯಾದಿಲ್ಲ."

ಒಳಗೆ ರೊಟ್ಟಿಯ ಸದ್ದು ನಿಂತಿತು. ಬಡಿಯುತ್ತಿದ್ದವಳು ಸುಂಕಮ್ಮನೇ.

ಗಂಡ ಸತ್ತವಳು ಇನ್ನೊಬ್ಬನಿಂದ ಸೀರೆ ಉಡಿಸಿಕೊಂಡು, ಅಂದರೆ ಉಡಿಕೆಯಾಗಿ, ಹೋಗುವುದು ಆ ಕುರಿಗಾರರ ಕುಲದಲ್ಲಿ ನಾಚಿಕೆಯ ಸಂಗತಿಯಲ್ಲ. ಭೀಮಕ್ಕನ ಸ್ವಂತ ಅತ್ತೆಯೇ ಉಡಿಕೆಯಾಗಿ ಬಂದವಳು. ಹಾಗಾಗಿ ಬೇಡವೆನ್ನಲು ಅವಳಿಗೆ ಬಾಯಿರಲಿಲ್ಲ. ದೊಡ್ಡ ಮಗ ಪಕೀರಪ್ಪ ಕುರಿ ಮೇಯಿಸಲು ಹೋದಲ್ಲೇ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಕುರಿಗಳೂ ಹೆಚ್ಚುಕಡಿಮೆ ಅವನ ಹಿಂದೆಯೇ ಹೋದವು. ಈಗ ಚಿಕ್ಕ ಮಗ ಯರ್ರೆಪ್ಪ ಕಂಬಳಿ ನೇಯುತ್ತಿದ್ದ. ದಂಡಿನವರಿಗೆ ಬೇಕೆಂದು ಆದೋನಿಯ ವ್ಯಾಪಾರಿಗಳು ಎಷ್ಟು ಕಂಬಳಿ ತಂದರೂ ಬೇಡವೆನ್ನುತ್ತಿರಲಿಲ್ಲ. ನೇಯುವವನು ಒಬ್ಬನಾದರೆ ಉಣ್ಣೆ ಹಿಂಜಲು, ನೂಲಲು ಮನೆಯವರೆಲ್ಲ ಕೂರಬೇಕು. ಸುಂಕಮ್ಮನಷ್ಟು ಸಣ್ಣಗೆ ನೂಲುವವರು ಆ ಓಣಿಯಲ್ಲೇ ಇರಲಿಲ್ಲ.

"ಮಕ್ಕಳು?" ಎಂದಳು ಭೀಮಕ್ಕ.

"ಎರಡೂ ಕರ್ಕೊಂಡು ಬರಲಿ ಅಂತಾನ."

"ಅನ್ನಾಕ ಆತ ಯಾರು? ಸತ್ತಾತನ ಮಕ್ಕಳು ಸತ್ತಾತನ ಮನ್ಯಾಗ ಇರ್ತಾವ. ನಿಮ್ಮೂರಾಗ ಬ್ಯಾರೆ ಕಟ್ಟಳಿ ಐತೇನು?"

ಕಟ್ಟಳೆ ಎಲ್ಲ ಊರಲ್ಲೂ ಒಂದೇ. ಉಡಿಕೆಯಾಗುವ ತಾಯಿ ಹೋಗಬಹುದು, ಮಕ್ಕಳನ್ನು ಒಯ್ಯುವಂತಿಲ್ಲ. ಮೊಲೆ ಬಿಡದ ಕೂಸಿಗೆ ಮಾತ್ರ ಒಂದು ವಿನಾಯಿತಿ. ಅದು ತಾಯಿಯ ಜೊತೆ ಹೋಗುತ್ತದೆ, ಹಾಲು ಬಿಟ್ಟ ಮೇಲೆ ತಂದು ಒಪ್ಪಿಸಬೇಕು. ಸುಂಕಮ್ಮನಿಗೆ ಇಬ್ಬರು ಮಕ್ಕಳು. ದೊಡ್ಡವಳು ದಸ್ತಗಿರಮ್ಮ, ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದವಳಾದ್ದರಿಂದ ಆ ಹೆಸರು. ಎಲ್ಲರ ಬಾಯಲ್ಲಿ ದಸ್ತಿ. ಅವಳಿಗೆ ಎಂಟು ವರ್ಷ, ಹಾಲಿನ ಲೆಕ್ಕ ಮುಗಿದಂತೆಯೇ. ಚಿಕ್ಕವನು ಉಚ್ಚೀರಪ್ಪ. ಅಪ್ಪ ಸತ್ತಾಗ ತೊಟ್ಟಿಲಲ್ಲಿದ್ದವನು, ಮೂರು ತುಂಬುತ್ತ ಬಂದರೂ ಅವ್ವನ ಸೆರಗು ಬಿಟ್ಟವನಲ್ಲ. ಅವನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ನೂಲುವ ಅವ್ವನ ತೊಡೆಯೇರಿ ಹಾಲು ಕುಡಿಯುವುದನ್ನು ನೋಡಿ ಮನೆಯವರು ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಅಣ್ಣ ಕಣ್ಣಿನಲ್ಲೇ ಹುಡುಗನನ್ನು ತೋರಿಸಿದ.

"ಅದಂತೂ ಇನ್ನ ಹಾಲು ಕುಡೀತೈತಲ್ಲತ್ತಾ."

"ಕುಡೀತೈತಿ. ನೀ ಬರೋ ಹೊತ್ತಿಗೆ ಬಿಟ್ಟಿರ್ತೈತಿ," ಎಂದಳು ಭೀಮಕ್ಕ.

ಅಣ್ಣ ಹೋದದ್ದೇ ತಡ, ಅಡುಗೆ ಒಲೆಯ ಮುಂದೆ ಜಗಳ ಹತ್ತಿಕೊಂಡಿತು.

"ಎರಡು ಹೊತ್ತು ಕೂಳಿಗೆ ನಿನಗೇನು ಕಡಿಮಿ ಮಾಡಿದ್ವಿ?"

"ಕೂಳಿನ ಮಾತಲ್ಲತ್ತಿ. ನನ್ನ ಮಕ್ಕಳು ರೊಟ್ಟಿ ಮುಟ್ಟೋದ್ರಾಗ ಅಂಬಮ್ಮನ ಕಣ್ಣು ಬೀಳ್ತೈತಿ. ನಾ ಏನಾರ ಅಂದ್ರ ಮೈದುನ ಆಕಿನ್ನ ಹೊಡೀತಾನ. ಆಕಿ ಆ ಸಿಟ್ಟು ನನ್ನ ಮಕ್ಕಳ ಮ್ಯಾಲೆ ತೀರಿಸ್ಕೊಂತಾಳ. ಹೆಂಗಿರಲಿ?"

ಯರ್ರೆಪ್ಪನ ಹೆಂಡತಿ ಅಂಬಮ್ಮ ಎದೆಗೆ ಕೂಸು ಕಟ್ಟಿಕೊಂಡೇ ಬಾಗಿಲಿಗೆ ಬಂದಳು. "ನನ್ನ ಹೆಸರು ಯಾಕ ತರ್ತೀ? ಹೋಗಾಕಿ ಹೋಗು. ನನಗೂ ಮೂರು ಅದಾವ. ಜ್ವಾಳ ಸಿಗಲಾರದ ವರ್ಷದಾಗ ಐದು ಬಾಯಿಗೆ ಹಾಕಂದ್ರ ನಾ ಎಲ್ಲಿಂದ ತರಲಿ?"

ಸುಳ್ಳಲ್ಲ ಅದು. ಆ ವರ್ಷ ಆ ಸೀಮೆಯಲ್ಲಿ ಹೆಣ್ಣುಮಕ್ಕಳೆಲ್ಲ ಸ್ವಲ್ಪ ಸ್ವಲ್ಪ ಕೆಟ್ಟವರಾಗಿದ್ದರು, ಅಂಬಮ್ಮನೊಬ್ಬಳೇ ಅಲ್ಲ.

ಭೀಮಕ್ಕನದು ಒಂದೇ ಹಟ. ಪಕೀರಪ್ಪನ ಹೆಸರು ಹೇಳಲು ಗಂಡಾಗಿ ಉಳಿದದ್ದು ಆ ಹುಡುಗನೊಬ್ಬ. ಅವನು ಹೊಳೆದಂಡೆಯಲ್ಲಿ ಇನ್ನೊಬ್ಬನನ್ನು ಅಪ್ಪಾ ಎಂದು ಕರೆಯುತ್ತ ಬೆಳೆದರೆ, ಹಾಲು ಬಿಟ್ಟ ಮೇಲೆ ತಂದು ಬಿಟ್ಟರೂ ನಿಲ್ಲುತ್ತಾನೆಯೇ? ಸತ್ತವನ ಮನೆಯವರು ಒಪ್ಪಿ ಬಿಡುಗಡೆ ಹೇಳದೆ ಉಡಿಕೆ ಆಗುವಂತಿಲ್ಲ. ಅದನ್ನೇ ಅವಳು ಹಿಡಿದುಕೊಂಡಳು.

"ಹೂಂ ಅಂತೀನಿ. ಹುಡುಗನ್ನ ಹಾಲು ಬಿಡಿಸು, ಆಮ್ಯಾಕ ಹೂಂ ಅಂತೀನಿ."

ಅಂಗಳದಲ್ಲೇ ಬೇವಿನ ಮರವಿತ್ತು. ಎಳೆ ಎಲೆ ತರಿದು, ಕಲ್ಲಿನ ಮೇಲೆ ನುಣ್ಣಗೆ ಅರೆದು, ಅವಳೇ ಬಟ್ಟಲಲ್ಲಿ ತಂದು ಮುಂದಿಟ್ಟಳು. "ನೀ ಹಚ್ಕೊಂತೀಯೋ, ನಾ ಹಚ್ಚಲೋ?"

ಸುಂಕಮ್ಮ ಹಚ್ಚಿಕೊಂಡಳು. ಹುಡುಗ ಎಂದಿನಂತೆ ತೊಡೆಯೇರಿ ಬಾಯಿಟ್ಟ, ಮುಖ ಕಿವಿಚಿದ, ಉಗುಳಿದ. ಆಮೇಲೆ ಅವ್ವನ ಮುಖ ನೋಡಿದ, ಇದು ಇವಳು ಮಾಡಿದ್ದೇ ಎಂದು ಕೇಳುವವನ ಹಾಗೆ. ಮತ್ತೆ ಬಾಯಿಟ್ಟ. ಅತ್ತ. ಬೇಸಿಗೆಯ ಆ ಸೆಕೆಯಲ್ಲಿ ಅತ್ತೂ ಅತ್ತೂ ಅವನ ಮೈ ಬಿಸಿಯಾಯಿತು. ಒಮ್ಮೆ ಸುಂಕಮ್ಮ ಬಚ್ಚಲಿಗೆ ಹೋಗಿ ತೊಳೆದುಕೊಂಡು ಬಂದು ಕದ್ದು ಕುಡಿಸಿದಳು. ಭೀಮಕ್ಕ ಅದನ್ನೂ ಕಂಡು ಹಿಡಿದು, ಮತ್ತೆ ಅರೆದಳು. ಕೆಲವು ದಿನಗಳಲ್ಲಿ ಹುಡುಗ ಸೆರಗಿನ ಹತ್ತಿರ ಬರುವುದನ್ನೇ ಬಿಟ್ಟ.

"ಇಲ್ಲೇ ಇದ್ರ ಇವರ ಜಗಳದಾಗ ನಾವು ಮೂರೂ ಸಾಯ್ತೀವಿ," ಎಂದು ಸುಂಕಮ್ಮ ಮಗಳ ತಲೆ ಬಾಚುತ್ತ ಹೇಳಿದಳು. "ನಾ ಅಲ್ಲಿ ನೆಲೆ ಹಿಡಿದ್ರ, ಹಬ್ಬಕ್ಕ ಉಗಾದಿಗೆ ಅಂತ ನಿಮ್ಮನ್ನ ಕರಸ್ಕೊಂತೀನಿ. ತಮ್ಮನ್ನ ನೋಡ್ಕೊ."

"ಹೂಂ," ಎಂದಳು ದಸ್ತಿ. ಅವಳು ಕೇಳಿದ್ದು ಒಂದೇ ಮಾತು. "ಅಲ್ಲಿ ನಿಂಗ ರೊಟ್ಟಿ ಯಾರು ಮಾಡಿಕೊಡ್ತಾರ?"

ಸುಂಕಮ್ಮ ಬಾಚಣಿಗೆ ಬಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕುಲದ ಹಿರಿಯನನ್ನು ಅಲ್ಲಿ ಕಟ್ಟಿಮನಿ ಎನ್ನುತ್ತಾರೆ. ಅವನು ಬಂದು ಕೇಳಿದ. "ಹುಡುಗ ಹಾಲು ಬಿಟ್ಟಾನೇನಬೇ?"

"ಬಿಟ್ಟಾನ," ಎಂದಳು ಭೀಮಕ್ಕ. ಹೊತ್ತು ಮುಳುಗಿದ ಮೇಲೆ, ಉಡಿಕೆಯವರು ಹೋಗುವ ಹಾಗೆ ಹಿತ್ತಲ ಬಾಗಿಲಿನಿಂದ, ಸುಂಕಮ್ಮ ಅಣ್ಣನ ಗಾಡಿ ಹತ್ತಿದಳು.

ಅವಳು ಹೋದ ಮೇಲೆ ಮನೆ ಶಾಂತವಾಯಿತೆಂದು ಹೇಳಬೇಕು. ಜಗಳವಾಡುವ ಇಬ್ಬರಲ್ಲಿ ಒಬ್ಬಳು ಇರಲಿಲ್ಲ. ಆದರೆ ನೂಲುವ ಕೈಯೂ ಇರಲಿಲ್ಲ. ಯರ್ರೆಪ್ಪ ಮಗ್ಗದ ಕುಣಿಯಲ್ಲಿ ಕೂತು ನೂಲಿಲ್ಲವೆಂದು ಕೂಗತೊಡಗಿದ. ಕೂಗು ಅಂಬಮ್ಮನಿಗೆ, ಅಂಬಮ್ಮನಿಂದ ದಸ್ತಿಗೆ. ಬೆಳಿಗ್ಗೆ ನೀರು ತರುವುದು, ಕಸ ಹೊಡೆಯುವುದು, ಮಧ್ಯಾಹ್ನ ಉಣ್ಣೆ ಹಿಂಜುವುದು, ಅದರ ನಡುವೆ ಅಂಬಮ್ಮನ ಕೂಸನ್ನು ಒಂದು ಬಗಲಿಗೂ ತಮ್ಮನನ್ನು ಇನ್ನೊಂದು ಬಗಲಿಗೂ ಹೊರುವುದು. ಕೈ ಖಾಲಿಯಾದಾಗ ನೂಲುವ ಕದಿರು ತಿರುವುವುದನ್ನೂ ಕಲಿತಳು. ಅವಳ ನೂಲು ನೋಡಿ ಯರ್ರೆಪ್ಪನೇ ಅಂದ, "ತಾಯಿ ಕೈ ಬಂದೈತಿ." ಅಂದಿನಿಂದ ಅವಳಿಗೆ ಆಟವೆಂಬುದು ಮುಗಿಯಿತು.

ಉಚ್ಚೀರನಿಗೆ ಜೋಳದ ಸಂಗಟಿ ಮುದ್ದೆ ಇಳಿಯಲಿಲ್ಲ. ಉಂಡದ್ದು ನಿಲ್ಲಲಿಲ್ಲ. ಹೊಟ್ಟೆ ಉಬ್ಬಿ, ಕಾಲು ಸಣಕಲಾದವು. ದಸ್ತಿ ರೊಟ್ಟಿಯನ್ನು ತಾನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಡುತ್ತಿದ್ದಳು. ಅಗಿಯುತ್ತ ಅಗಿಯುತ್ತ ಅರ್ಧ ನುಂಗಿಬಿಡುತ್ತಾಳೆಂದು ಅಂಬಮ್ಮ ಬೈದಳು. ಇರಬಹುದು, ಎಂಟು ವರ್ಷದ ಹಸಿವು ಅದು.

ಒಂದು ದಿನ ಕಂಬಳಿಗೆ ಹಚ್ಚಲು ಹುಣಸೆಬೀಜದ ಗಂಜಿ ಕಾಯಿಸಿ ಆರಲು ಇಟ್ಟಿದ್ದರು. ಹುಡುಗ ಅದರಲ್ಲಿ ಕೈಯದ್ದಿ ನೆಕ್ಕುತ್ತ ಕೂತಿದ್ದ. ಅಂಬಮ್ಮ ಬೆನ್ನಿಗೊಂದು ಹಾಕಿದಳು.

"ಮಗ್ಗದ ಗಂಜಿ ಅದು! ದಂಡಿನ ಕಂಬಳಿ ನೀ ತಿಂತೀಯೇನು?"

"ಹೊಡೀಬ್ಯಾಡ," ಎಂದು ಭೀಮಕ್ಕ ಅಡ್ಡ ಬಂದಳು. ಹುಡುಗನನ್ನು ಎತ್ತಿಕೊಂಡಳು. ಹಗುರವಾಗಿದ್ದ. ಅವಳು ಎಂದೂ ಸೊಸೆಯನ್ನು ಬೇಡಿದವಳಲ್ಲ, ಅವತ್ತು ಬೇಡಿದಳು. "ಅಂಬಮ್ಮಾ, ನಿನ್ನ ಕೂಸು ಕುಡಿದ ಮ್ಯಾಲೆ ಇವಂಗೊಂದೀಟು ಎದಿ ಕೊಡು. ನಿನ್ನ ಕಾಲು ಬೀಳ್ತೀನಿ."

ಅಂಬಮ್ಮ ಕುಪ್ಪಸದ ಗಂಟು ಹಿಡಿದುಕೊಂಡು ಅತ್ತಳು. "ನಂದಾಗ ಎಲ್ಲೈತತ್ತಿ ಹಾಲು? ನನ್ನ ಕೂಸೇ ಕಚ್ಚಿ ಕಚ್ಚಿ ಬಿಡ್ತೈತಿ. ಇದ್ದ ಹಾಲನ್ನ ಬೇವು ಹಚ್ಚಿ ಒಣಗಿಸಿದಾಕಿ ನೀನು. ಈಗ ನನ್ನ ಕೇಳ್ತೀ."

ಭೀಮಕ್ಕ ಹುಡುಗನನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಹೋದಳು.

ಮುಂಗಾರಿನ ಮೊದಲ ಹನಿ ಬಿದ್ದ ವಾರ. ಅಂಗಳದಲ್ಲಿ ಬೇವು ಚಿಗುರಿ ಕೆಳಗಿನ ಟೊಂಗೆ ಹುಡುಗನ ಕೈಗೆ ಎಟಕುವಷ್ಟು ಬಾಗಿತ್ತು. ಭೀಮಕ್ಕ ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಿ ನೋಡಿದರೆ, ಉಚ್ಚೀರ ಒಂದು ಎಳೆ ಚಿಗುರು ಕಿತ್ತು ಬಾಯಿಗಿಟ್ಟುಕೊಂಡು ಚೀಪುತ್ತಿದ್ದ. ಮುಖ ಕಿವಿಚಿದ. ಉಗುಳಲಿಲ್ಲ. ಕಣ್ಣು ಮುಚ್ಚಿ ಮತ್ತೆ ಚೀಪಿದ.

"ಥೂ ಅನ್ನೋ, ಕಹಿ ಅದು!"

ದಸ್ತಿ ಹಿಂಜುತ್ತಿದ್ದ ಉಣ್ಣೆಯಿಂದ ತಲೆಯೆತ್ತದೆ ಹೇಳಿದಳು, "ದಿನಾ ಹಂಗ ಮಾಡ್ತಾನಜ್ಜಿ. ಅದ್ರಾಗ ಅವ್ವನ ವಾಸನಿ ಐತಂತ."

ಭೀಮಕ್ಕನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ತಾನು ಕಹಿ ಹಚ್ಚಿ ಬಿಡಿಸಿದೆನೆಂದುಕೊಂಡಿದ್ದಳು. ಹುಡುಗನಿಗೆ ಅವ್ವನ ಕಡೆಯ ಗುರುತಾಗಿ ಉಳಿದದ್ದು ಆ ಕಹಿಯೇ ಆಗಿತ್ತು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಸರು ಹೇಳುವ ಗಂಡು ಬೇಕೆಂದು ಹಿಡಿದಿಟ್ಟುಕೊಂಡಿದ್ದಳು. ಈ ಮಳೆಗಾಲ ಕಳೆಯುವುದರೊಳಗೆ ಅವನ ಹೆಸರನ್ನು ತಾನೇ ಅತ್ತು ಹೇಳಬೇಕಾದೀತೆಂದು ಆ ಕ್ಷಣ ಅವಳಿಗೆ ಹೊಳೆಯಿತು.

ಅವಳು ಮೊರ ಇಟ್ಟು, ಸೆರಗು ಹೊದ್ದು, ಕಟ್ಟಿಮನಿಯ ಮನೆಗೆ ನಡೆದಳು.

"ನಾ ನಿಮ್ಮ ಮುಂದ ಸುಳ್ಳು ಹೇಳೀನಿ. ಹುಡುಗ ಹಾಲು ಬಿಟ್ಟಿದ್ದಿಲ್ಲ. ಬಿಟ್ಟಾನ ಅಂದೆ. ಆಕಿನ್ನ ಕರಸ್ರಿ."

ಕಟ್ಟಿಮನಿ ಮುದುಕಿಯನ್ನು ಮೇಲೆ ಕೆಳಗೆ ನೋಡಿದ. ಎರಡು ತಿಂಗಳ ಮೇಲೆ ನೆನಪಾದ ಸುಳ್ಳು. ಆದರೆ ಹುಡುಗನ ಹೊಟ್ಟೆ ಕಾಲು ಅವನೂ ಕಂಡಿದ್ದ. "ಆತು," ಎಂದ.

ನಾಗಲದಿನ್ನೆಯಿಂದ ಗಾಡಿ ಎಮ್ಮಿಗನೂರು ದಾಟಿ ಬರಬೇಕು. ಸುಂಕಮ್ಮ ಬಂದಳು, ಜೊತೆಗೆ ಅಣ್ಣ, ಅಂಜಿನಪ್ಪ. ಅಂಜಿನಪ್ಪ ಕಪ್ಪಗೆ, ಕುಳ್ಳಗೆ ಇದ್ದ; ಒಂದು ಬುಟ್ಟಿ ಬದನೆಕಾಯಿ ಕಟ್ಟೆಯ ಮೇಲಿಟ್ಟು ದೂರ ಹೋಗಿ ಕೂತ. ಕಟ್ಟಿಮನಿ, ಇನ್ನಿಬ್ಬರು ಹಿರಿಯರು ಬೇವಿನ ಕೆಳಗೆ ಕಂಬಳಿ ಹಾಸಿ ಕೂತರು. ಮಗನನ್ನು ಕಂಡ ಸುಂಕಮ್ಮ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯಯ್ಯೋ, ನಾ ಬಿಟ್ಟು ಹೋಗಿದ್ದು ಇದೇನಾ?"

ಉಚ್ಚೀರ ಮೊದಲು ಅಜ್ಜಿಯ ಹಿಂದೆ ಅಡಗಿದ. ಆಮೇಲೆ ಹತ್ತಿರ ಬಂದ, ಸೆರಗು ಮೂಸಿದ, ಒಳಗೆ ತಲೆ ಹಾಕಿದ. ಹಾಲು ಬತ್ತಿ ಎಷ್ಟು ದಿನವಾಗಿತ್ತೋ, ಅವನಿಗೇನು ಗೊತ್ತು? ಅವನು ಹೊರಗೆ ಬರಲೇ ಇಲ್ಲ.

"ಹುಡುಗ ಕುಡಿಯಾಕತ್ತಾನೇನಬೇ, ಭೀಮಕ್ಕಾ?" ಎಂದ ಕಟ್ಟಿಮನಿ.

ಭೀಮಕ್ಕ ಹತ್ತಿರ ಹೋಗಿ ಬಗ್ಗಿ ನೋಡಿ ಎದ್ದಳು. ಅಲ್ಲಿ ಹನಿ ಹಾಲಿರಲಿಲ್ಲ. "ಕುಡಿಯಾಕತ್ತಾನ," ಎಂದಳು.

"ಹಂಗಾದ್ರ ತಾಯಿ ಕೂಡ ಹೋಗಲಿ. ಹಾಲು ಬಿಟ್ಟ ಮ್ಯಾಲೆ ತಂದು ಬಿಡಬೇಕು. ಏನಪಾ ಯರ್ರೆಪ್ಪ?"

"ಹೋಗಲಿ," ಎಂದ ಯರ್ರೆಪ್ಪ. ಒಂದು ಬಾಯಿ ಕಡಿಮೆಯಾಯಿತೆಂದು ಅವನ ಮುಖ ಹೇಳುತ್ತಿತ್ತು, ಪಾಪ, ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ.

ಸುಂಕಮ್ಮ ಏಳಲಿಲ್ಲ. "ದಸ್ತಿನ್ನೂ ಕೊಡ್ರಿ. ಆಕಿನ್ನೂ ಕರ್ಕೊಂಡು ಹೋಗ್ತೀನಿ."

"ನಾನೂ ಹೂಂ ಅಂದೀನ್ರಿ," ಎಂದು ಅಂಜಿನಪ್ಪ ದೂರದಿಂದಲೇ ಕೂಗಿ ಹೇಳಿದ. "ಪಾಪ ಚಿನ್ನ ಪಿಲ್ಲ, ಸಣ್ಣ ಹುಡುಗಿ. ಒಂದು ರೊಟ್ಟಿ ಭಾರ ಆಗಾದಿಲ್ಲ."

"ಆಕಿ ಹೋದ್ರ ನನ್ನ ಕೂಸು ಯಾರು ಎತ್ತಬೇಕು?" ಅಂಬಮ್ಮ ಹೊಸ್ತಿಲಿಂದ ಎದ್ದು ಬಂದಳು. "ಉಣ್ಣಿ ಯಾರು ಹಿಂಜಬೇಕು? ನೂಲು ಯಾರು ತೆಗೀಬೇಕು? ಉಣಿಸಿದ್ದು ನಾವು, ಕರ್ಕೊಂಡು ಹೋಗಾಕ ನೀವಾ?"

ಕಟ್ಟಿಮನಿ ಕೈಯೆತ್ತಿದ. "ಸುಂಕಮ್ಮಾ, ಕಟ್ಟಳಿ ನಿಂಗ ಗೊತ್ತೈತಿ. ಹಾಲು ಕುಡಿಯೋ ಕೂಸಿಗೆ ಅಷ್ಟೇ. ಈಕಿ ಹಾಲು ಕುಡೀತಾಳೇನು?"

ಹಿರಿಯರು ನಕ್ಕರು. ದಸ್ತಿ ಮನೆಯ ಬಾಗಿಲಲ್ಲಿ ಅಂಬಮ್ಮನ ಕೂಸನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದಳು, ತಲೆಗೂದಲಲ್ಲಿ ಉಣ್ಣೆಯ ಎಳೆ. ಅವಳು ಕೂಸನ್ನು ಮೆಲ್ಲಗೆ ಅಲ್ಲೇ ಒಂದು ಕಂಬಳಿಯ ಮೇಲೆ ಮಲಗಿಸಿದಳು. ನಡೆದು ಬಂದು ಹಿರಿಯರ ಮುಂದೆ ನಿಂತಳು.

"ಹೂನ್ರಿ. ನಾನೂ ಕುಡೀತೀನಿ."

ಮತ್ತೆ ನಗು. ಆದರೆ ಸುಂಕಮ್ಮ ಕೈಚಾಚಿ ಮಗಳನ್ನು ಎಳೆದು, ಮಗನ ಪಕ್ಕದಲ್ಲೇ ತೊಡೆಯ ಮೇಲೆ ಕೂರಿಸಿಕೊಂಡು ಸೆರಗು ಮುಚ್ಚಿದಳು. ಹುಡುಗಿಯ ಉದ್ದ ಕಾಲುಗಳು ಹೊರಗೆ ಮಣ್ಣಿನ ಮೇಲೆ ಚಾಚಿದ್ದವು. ನಗು ನಿಂತಿತು. ಗಂಡಸರು ಮುಖ ಆಚೆ ತಿರುಗಿಸಿದರು.

"ಭೀಮಕ್ಕಾ," ಎಂದ ಕಟ್ಟಿಮನಿ ಮರದ ಕಡೆ ನೋಡುತ್ತ. ದನಿ ಮೆತ್ತಗಾಗಿತ್ತು. "ನೀ ನೋಡಿ ಹೇಳಿಬಿಡು. ನೀ ಹೆಂಗ ಹೇಳ್ತೀಯೋ ಹಂಗ."

ಅವನು ಬಾಗಿಲು ತೆರೆದೇ ಇಟ್ಟಿದ್ದ. ಒಂದು ಮಾತು ಸಾಕಿತ್ತು. ಭೀಮಕ್ಕ ಹೋಗಿ ಬಗ್ಗಿ ಸೆರಗೆತ್ತಿದಳು. ದಸ್ತಿ ಅವ್ವನ ಎದೆಗೆ ಬಾಯೊತ್ತಿ, ಕಣ್ಣು ಬಿಟ್ಟುಕೊಂಡು, ಅಜ್ಜಿಯನ್ನೇ ನೋಡುತ್ತಿದ್ದಳು.

ಭೀಮಕ್ಕ ತಲೆಯೆತ್ತಿದಳು. ಮಗ್ಗದ ಕುಣಿ ಕಂಡಿತು, ಹಿಂಜದ ಉಣ್ಣೆಯ ರಾಶಿ ಕಂಡಿತು, ಅಂಬಮ್ಮನ ಮುಖ ಕಂಡಿತು. ಎರಡೂ ಹೋದರೆ ಈ ಮನೆಯಲ್ಲಿ ಪಕೀರಪ್ಪನದೆನ್ನಲು ಏನೂ ಉಳಿಯುವುದಿಲ್ಲ. ಕಣ್ಣು ಮಂಜಾದ ಮುದುಕಿಗೆ ನೀರು ತಂದು ಕೊಡುವವರೂ ಇರುವುದಿಲ್ಲ. ಇದನ್ನೂ ಅವಳು ಯೋಚಿಸಿದಳು, ಇಲ್ಲವೆಂದು ಹೇಳಲಾರೆ.

"ಇಲ್ಲ," ಎಂದಳು. "ಆಕಿ ಹಾಲು ಬಿಟ್ಟು ಬಾಳ ವರ್ಷ ಆತು."

ಹುಡುಗನ ವಿಷಯದಲ್ಲಿ ಎರಡು ಸಲ ಸುಳ್ಳು ಹೇಳಿದ ಹೆಂಗಸು ಹುಡುಗಿಯ ವಿಷಯದಲ್ಲಿ ನಿಜವನ್ನೇ ಹೇಳಿದಳು. ಆ ನಿಜಕ್ಕೆ ಯಾರೂ ಎದುರು ಮಾತಾಡುವಂತಿರಲಿಲ್ಲ.

ದಸ್ತಿ ತಾನಾಗಿಯೇ ತೊಡೆಯಿಂದ ಇಳಿದಳು. ಕಂಬಳಿಯ ಮೇಲೆ ಕೂಸು ಅಳತೊಡಗಿತ್ತು, ಹೋಗಿ ಎತ್ತಿಕೊಂಡಳು. ಸುಂಕಮ್ಮ ಮಣ್ಣು ಹಿಡಿದು ಶಾಪ ಹಾಕಿದಳು, ಭೀಮಕ್ಕನ ಕಾಲು ಹಿಡಿದಳು, ಅಣ್ಣ ತೋಳು ಹಿಡಿದು ಎಬ್ಬಿಸಿದ. ಗಾಡಿ ಓಣಿ ದಾಟುವವರೆಗೂ ಉಚ್ಚೀರ ಸೆರಗಿನಿಂದ ತಲೆ ಹೊರಗೆ ತೆಗೆಯಲಿಲ್ಲ.

ಅವತ್ತು ಬದನೆಕಾಯಿ ಪಲ್ಯ ಮಾಡಿದ್ದರು. ತಿಂಗಳುಗಳ ಮೇಲೆ ಮನೆಯವರೆಲ್ಲ ಹೊಟ್ಟೆ ತುಂಬ ಉಂಡರು. ಭೀಮಕ್ಕ ತನ್ನ ರೊಟ್ಟಿಯ ನಡುವಿನ ಮೆತ್ತನೆ ಭಾಗ ಹರಿದು, ಪಲ್ಯ ಹಚ್ಚಿ ಮೊಮ್ಮಗಳ ತಾಟಿಗೆ ಹಾಕಿದಳು. ಹುಡುಗಿ ಅದನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಉಂಡಳು. ಕೈ ತೊಳೆದು ಬಂದು ಉಣ್ಣೆಯ ಮುಂದೆ ಕೂತಳು.

"ಮಲಕ್ಕೋ ಹೋಗು. ನಾಳಿ ಹಿಂಜಿದ್ರ ಆತು."

ದಸ್ತಿ ಹಿಂಜುತ್ತಲೇ ಕೇಳಿದಳು. "ಅಜ್ಜೀ, ತಮ್ಮ ಹಾಲು ಬಿಟ್ಟ ಮ್ಯಾಲೆ ತಿರುಗಿ ಇಲ್ಲಿಗೇ ತಂದು ಬಿಡ್ತಾರೇನು?"

"ಬಿಡ್ತಾರ," ಎಂದಳು ಭೀಮಕ್ಕ ಬೇಗಬೇಗ, ಹುಡುಗಿ ಮಾತಾಡಿದಳೆಂಬ ಹಿಗ್ಗಿನಲ್ಲಿ. "ಬಿಡದೆ ಎಲ್ಲಿ ಹೋಗ್ತಾರ? ಕಟ್ಟಳಿ ಅಲ್ಲೇನು? ನಿನ್ನ ತಮ್ಮ ನಿನ್ನ ಕೂಡ ಇರಾಕ ಬರ್ತಾನ."

ಹುಡುಗಿ ಉಣ್ಣೆಯಲ್ಲಿನ ಒಂದು ಮುಳ್ಳು ಆರಿಸಿ ತೆಗೆದಳು.

"ಹಂಗಾದ್ರ ನಾಗಲದಿನ್ನಿ ಕಡಿ ಯಾರಾರ ಹೋಗೋರಿದ್ರ ಅವ್ವಗ ಹೇಳಿ ಕಳಸಜ್ಜಿ," ಎಂದಳು. "ಬೇವು ಹಚ್ಕೋಬ್ಯಾಡ ಅಂತ."